ಲಂಡನ್ನಿನ ಇಂಪ್ರೊವ್ ಸಂಗೀತ: ಹೋಗಿ ಕೇಳುವುದು ಹೇಗೆ, ಕೂತು ನುಡಿಸುವುದು ಹೇಗೆ

ಲಂಡನ್ನಿನಲ್ಲಿ ನಿಮಗೆ ಒಂದು ಸಂಜೆ ಖಾಲಿ ಇದ್ದರೆ ಡಾಲ್ಸ್ಟನ್ ಜಂಕ್ಷನ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಎರಡು ಮೂರು ನಿಮಿಷ ನಡೆದರೆ ಆಶ್ವಿನ್ ಸ್ಟ್ರೀಟ್ ಸಿಗುತ್ತದೆ. ಅದರಲ್ಲಿ ದೊಡ್ಡ ದೊಡ್ಡ ಗಾಜಿನ ಕಿಟಕಿಗಳ ಒಂದು ಕೆಫೆ. ಹೆಸರು ಕೆಫೆ ಓಟೋ. ಹಗಲು ಕಾಫಿ, ತಿಂಡಿ. ಸಂಜೆಯಾದರೆ ಸಂಗೀತ. ಎತ್ತರದ ವೇದಿಕೆ ಇಲ್ಲ, ನುಡಿಸುವವರೂ ಕೇಳುವವರೂ ಒಂದೇ ನೆಲದ ಮೇಲೆ.

ಮೂರು ಜನ ಬಂದು ನಿಲ್ಲುತ್ತಾರೆ. ಒಬ್ಬರ ಹತ್ತಿರ ಸ್ಯಾಕ್ಸೋಫೋನ್, ಇನ್ನೊಬ್ಬರ ಹತ್ತಿರ ಡಬಲ್ ಬಾಸ್, ಮತ್ತೊಬ್ಬರ ಮುಂದೆ ಮೇಜಿನ ತುಂಬ ವೈರು, ಸ್ಪ್ರಿಂಗು, ಸಣ್ಣ ಸಣ್ಣ ಮೈಕು. ಒಂದು, ಎರಡು, ಮೂರು ಅಂತ ಯಾರೂ ಎಣಿಸುವುದಿಲ್ಲ. ಏನು ನುಡಿಸಬೇಕು ಅಂತ ಮೊದಲೇ ಮಾತಾಡಿಕೊಂಡೂ ಇರುವುದಿಲ್ಲ. ಕೆಲವು ಸಲ ಆ ಮೂವರೂ ಅವತ್ತೇ ಮೊದಲ ಬಾರಿ ಒಟ್ಟಿಗೆ ನುಡಿಸುತ್ತಿರುತ್ತಾರೆ. ಒಂದು ಕ್ಷಣ ಸುಮ್ಮನಿದ್ದು, ಶುರು ಮಾಡುತ್ತಾರೆ.

ಇದಕ್ಕೆ ಇಲ್ಲಿಯವರು ಫ್ರೀ ಇಂಪ್ರೊವೈಸೇಷನ್ ಅನ್ನುತ್ತಾರೆ, ಚಿಕ್ಕದಾಗಿ ಇಂಪ್ರೊವ್. ನಾನು ತುಮಕೂರಿನಲ್ಲಿ ಮೃದಂಗ, ಖಂಜಿರ ಕಲಿತವನು. ಕೆಲಸಕ್ಕೆ ಅಂತ ಲಂಡನ್ನಿಗೆ ಬಂದ ಮೇಲೆ ಈ ಸಂಗೀತದ ರುಚಿ ಹತ್ತಿತು. ಈಗ ತಿಂಗಳಿಗೆ ಮೂರು ನಾಲ್ಕು ಸಲ ಕೇಳಲು ಹೋಗುತ್ತೇನೆ, ಆದಾಗ ನುಡಿಸುತ್ತೇನೆ. ಊರಿಂದ ಓದಲು ಬಂದ ಹುಡುಗ ಹುಡುಗಿಯರು, ಹ್ಯಾರೋ, ಹೌನ್ಸ್ಲೋ ಕಡೆಯ ಕನ್ನಡ ಸ್ನೇಹಿತರು "ನಮ್ಮನ್ನೂ ಒಂದ್ಸಲ ಕರ್ಕೊಂಡು ಹೋಗಿ" ಅನ್ನುತ್ತಿರುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯೂಟ್ಯೂಬಿನಲ್ಲಿ ಐದು ನಿಮಿಷ ಕೇಳಿ ತೀರ್ಮಾನ ಮಾಡಬೇಡಿ. ಇದು ಕೋಣೆಯಲ್ಲಿ ಹತ್ತಿರ ಕೂತು ಕೇಳಬೇಕಾದ ಸಂಗೀತ, ಮತ್ತು ಕೇಳಲು ಬಂದವರು ಮುಂದೊಂದು ದಿನ ನುಡಿಸಲು ಕೂರಬಹುದಾದ ಸಂಗೀತ. ಇವೆರಡೂ ನಿಜ ಅಂತ ನಾನು ಪೂರ್ತಿ ನಂಬಿದ್ದೇನೆ.

ಎಲ್ಲಿಗೆ ಹೋಗಬೇಕು

ಶುರು ಮಾಡಲು ಓಟೋನೇ ಸರಿ. ಹ್ಯಾಮಿಶ್ ಡನ್‌ಬಾರ್ ಮತ್ತು ಕೈಕೊ ಯಮಾಮೊಟೊ 2008ರಲ್ಲಿ ಇದನ್ನು ತೆರೆದರು. ಜಪಾನಿ ಭಾಷೆಯಲ್ಲಿ ಓಟೋ ಅಂದರೆ ಸದ್ದು. ವಾರದ ಹೆಚ್ಚಿನ ರಾತ್ರಿ ಏನಾದರೂ ಇರುತ್ತದೆ, ಆದರೆ ಎಲ್ಲವೂ ಇಂಪ್ರೊವ್ ಅಲ್ಲ. ಜಾನಪದ ಇರುತ್ತದೆ, ಎಲೆಕ್ಟ್ರಾನಿಕ್ ಇರುತ್ತದೆ, ಎದೆಗೂಡು ನಡುಗಿಸುವ ನಾಯ್ಸ್ ಕೂಡ ಇರುತ್ತದೆ. ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ಅವತ್ತು ಯಾರು, ಯಾವ ವಾದ್ಯ ಅಂತ ಓದಿಕೊಳ್ಳಿ. ಮೊದಲ ಸಲಕ್ಕೆ ಮೈಕ್ ಇಲ್ಲದೆ ನುಡಿಸುವ ಇಬ್ಬರು ಮೂವರ ಗುಂಪು ಒಳ್ಳೆಯದು. ಯಾವ ಸದ್ದು ಯಾರ ಕೈಯಿಂದ ಬಂತು ಅಂತ ಕಣ್ಣಲ್ಲೇ ಗೊತ್ತಾಗುತ್ತದೆ. ಅದೇ ಬೀದಿಯಲ್ಲಿ ಅವರದೇ ಇನ್ನೊಂದು ಪುಟ್ಟ ಕಟ್ಟಡವೂ ಇದೆ. ಒಡೆದ ಕಟ್ಟಡದ ಚೂರುಪಾರನ್ನು ಚೀಲಕ್ಕೆ ತುಂಬಿ, ಆ ಚೀಲಗಳನ್ನೇ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಿದ್ದಾರೆ.

ಅಲ್ಲಿಂದ ಐದಾರು ನಿಮಿಷ ನಡೆದರೆ ಗಿಲೆಟ್ ಸ್ಕ್ವೇರ್, ಅಲ್ಲಿ ವೋರ್ಟೆಕ್ಸ್ ಜಾಝ್ ಕ್ಲಬ್. ಹೆಸರೇ ಹೇಳುವ ಹಾಗೆ ಜಾಝ್ ಜಾಸ್ತಿ, ಆದರೂ ಇಂಪ್ರೊವ್‌ಗೆ ಮುಖ್ಯವಾದ ಜಾಗ. ಗಿಟಾರಿನ ಜಾನ್ ರಸೆಲ್ ಮತ್ತು ಪಿಯಾನೋದ ಕ್ರಿಸ್ ಬರ್ನ್ 1991ರಲ್ಲಿ ಶುರು ಮಾಡಿದ ಮೊಪೊಮೊಸೊ ಅನ್ನುವ ಕಾರ್ಯಕ್ರಮ ಬಹಳ ವರ್ಷ ಇಲ್ಲೇ ನಡೆಯಿತು. ಭಾನುವಾರ ಒಂದೇ ಮಧ್ಯಾಹ್ನ ಮೂರು ನಾಲ್ಕು ಸಣ್ಣ ಸೆಟ್, ಅಂದರೆ ಒಂದೊಂದು ಗುಂಪು ಒಂದೇ ಸಮ ನುಡಿಸುವ ಸರದಿ. ಒಂದು ಹಿಡಿಸದಿದ್ದರೆ ಇನ್ನೊಂದು ಹಿಡಿಸುತ್ತಿತ್ತು. ರಸೆಲ್ 2021ರಲ್ಲಿ ತೀರಿಕೊಂಡರು. ಅವರ ಹೆಸರು ಎತ್ತಿದರೆ ಇವತ್ತಿಗೂ ಎಷ್ಟೋ ವಾದಕರು "ನನಗೆ ಮೊದಲ ಗಿಗ್ (ಕಾರ್ಯಕ್ರಮ) ಕೊಟ್ಟಿದ್ದು ಅವರು" ಅನ್ನುತ್ತಾರೆ.

ಹಾಕ್ಸ್ಟನ್ನಿನಲ್ಲಿ ಹಂಡ್ರೆಡ್ ಇಯರ್ಸ್ ಗ್ಯಾಲರಿ ಅಂತಿದೆ. ಮೇಲೆ ಚಿತ್ರಗಳು, ಕೆಳಗೆ ನೆಲಮಾಳಿಗೆಯಲ್ಲಿ ಸಂಗೀತ. ಇಪ್ಪತ್ತು ಜನ ಬಂದರೆ ತುಂಬಿದ ಹಾಗೆ ಕಾಣುತ್ತದೆ. ಇನ್ನು ಲಂಡನ್ ಇಂಪ್ರೊವೈಸರ್ಸ್ ಆರ್ಕೆಸ್ಟ್ರಾ. ಅಮೆರಿಕದ ಬುಚ್ ಮಾರಿಸ್ 1997ರಲ್ಲಿ ಇಲ್ಲಿಗೆ ಬಂದು, ಬರೆದ ಸ್ವರ ಇಲ್ಲದೆ ಬರೀ ಕೈಸನ್ನೆಯಿಂದ ದೊಡ್ಡ ಗುಂಪನ್ನು ನಡೆಸುವುದು ಹೇಗೆ ಅಂತ ತೋರಿಸಿದರು. ಅದರಿಂದ ಹುಟ್ಟಿದ ಗುಂಪು ಇದು, 1998ರಿಂದ ನಡೆದುಬಂದಿದೆ. ಎಲ್ಲಾದರೂ ಅವರ ಕಾರ್ಯಕ್ರಮ ಇದೆ ಅಂತ ಕಂಡರೆ ತಪ್ಪಿಸಬೇಡಿ. ಅಷ್ಟೊಂದು ಜನ ಒಟ್ಟಿಗೆ ಕೂತು, ಒಬ್ಬರ ಬೆರಳು ಮೇಲೆದ್ದ ಕೂಡಲೇ ಒಟ್ಟಿಗೆ ಮೌನವಾಗುವುದನ್ನು ಕಣ್ಣಾರೆ ನೋಡಬೇಕು.

ಈಗ ಒಂದು ಬೇಜಾರಿನ ವಿಷಯ. ಲಂಡನ್ನಿಗೆ ಬಂದ ಕನ್ನಡದವರು ತಪ್ಪದೆ ಹೋಗುವ ಜಾಗ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ, ಅಲ್ವಾ? 2015ರಲ್ಲಿ ಅನಾವರಣವಾದದ್ದು. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲೇ ಲ್ಯಾಂಬೆತ್‌ನ ಓಲ್ಡ್ ಪ್ಯಾರಡೈಸ್ ಯಾರ್ಡ್‌ನಲ್ಲಿ ಇಕ್ಲೆಕ್ಟಿಕ್ ಅನ್ನುವ ಜಾಗ ಇತ್ತು. ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಬಸವಣ್ಣನಿಗೆ ಕೈಮುಗಿದು, ಹಾಗೇ ನಡೆದುಕೊಂಡು ಅಲ್ಲಿಗೆ ಹೋಗಿ ಒಂದು ಸೆಟ್ ಕೇಳಿಸಿದ್ದೆ. 2024ರ ಶುರುವಿನಲ್ಲಿ ಅವರು ಆ ಜಾಗ ಬಿಡಬೇಕಾಯಿತು. ಈ ಊರಿನಲ್ಲಿ ಬಾಡಿಗೆ ಏರುತ್ತಲೇ ಇರುತ್ತದೆ, ಜಾಗಗಳು ಹೋಗುತ್ತಲೇ ಇರುತ್ತವೆ. ಅದಕ್ಕೇ ಜಾಗದ ಹೆಸರಿಗಿಂತ ಜನರ ಹೆಸರು ಬರೆದಿಟ್ಟುಕೊಳ್ಳಿ. ಒಬ್ಬ ವಾದಕಿ ಇಷ್ಟವಾದರೆ ಅವರು ಮುಂದಿನ ತಿಂಗಳು ಎಲ್ಲಿ ನುಡಿಸುತ್ತಾರೆ ಅಂತ ಹುಡುಕಿಕೊಂಡು ಹೋಗಿ. ಹಾಗೆ ಹೋದರೆ ಪಬ್ಬಿನ ಮಹಡಿ, ಹಳೇ ಚರ್ಚು, ಯಾರದೋ ಸ್ಟುಡಿಯೋ ಎಲ್ಲ ತಾನಾಗಿ ಗೊತ್ತಾಗುತ್ತವೆ. ಮನೆಯಲ್ಲಿ ಕೇಳಲು ರೆಸೊನೆನ್ಸ್ ಎಫ್ಎಂ ಇದೆ, 104.4, 2002ರಿಂದ. ಇಂಥ ಸಂಗೀತಗಾರರ ಕೂಟವೇ ಹುಟ್ಟುಹಾಕಿದ ರೇಡಿಯೋ ಅದು.

ಟಿಕೆಟ್ ಸಾಮಾನ್ಯವಾಗಿ 10ರಿಂದ 20 ಪೌಂಡ್. ಸಣ್ಣ ಕಡೆ ಇನ್ನೂ ಕಮ್ಮಿ, ಕೆಲವು ಕಡೆ ಟೋಪಿ ಹಿಡಿದು ಬರುತ್ತಾರೆ, ಕೈಲಾದದ್ದು ಹಾಕಿ. ಬೇಗ ಹೋಗಿ ಮುಂದೆ ಕೂರಿ. ಹಿಂದೆ ನಿಂತು ಕೇಳಿದರೆ ಅರ್ಧ ಹೋಯಿತು, ಯಾಕಂದರೆ ಈ ಸಂಗೀತದ ಮುಖ್ಯವಾದದ್ದೆಲ್ಲ ಎಷ್ಟೋ ಸಲ ಪಿಸುಮಾತಿನಷ್ಟು ಸಣ್ಣ ಸದ್ದಿನಲ್ಲಿ ಇರುತ್ತದೆ. ಊಟ ಮುಗಿಸಿಕೊಂಡು ಹೋಗಿ. ಡಾಲ್ಸ್ಟನ್ನಿನಲ್ಲಿ ಟರ್ಕಿಯವರ ಅಂಗಡಿಗಳಲ್ಲಿ ಪಾಲಕ್, ಚೀಸ್ ತುಂಬಿದ ಗೋಜ್ಲೆಮೆ ಸಿಗುತ್ತದೆ, ಸಸ್ಯಾಹಾರಿಗಳಿಗೆ ಧಾರಾಳ ಸಾಕು.

ಎಲ್ಲಿಂದ ಬಂತು ಇದು

ಇತಿಹಾಸ ಪೂರ್ತಿ ಹೇಳುವುದಿಲ್ಲ, ಕೇಳುವಾಗ ಉಪಯೋಗಕ್ಕೆ ಬರುವಷ್ಟು ಮಾತ್ರ. 1965ರಲ್ಲಿ ಕೀತ್ ರೋ, ಲೂ ಗೇರ್, ಎಡ್ಡಿ ಪ್ರೆವೋ ಸೇರಿ ಎಎಂಎಂ ಅನ್ನುವ ಗುಂಪು ಕಟ್ಟಿದರು. ಕೀತ್ ರೋ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರು, ಪಕ್ಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಇಟ್ಟುಕೊಂಡರು. ಇವತ್ತು ಗಿಗ್‌ಗಳಲ್ಲಿ ಕಾಣುವ, ಸಾಮಾನು ಹರಡಿದ ಆ ಮೇಜುಗಳಿಗೆ ದಾರಿ ಮಾಡಿಕೊಟ್ಟಿದ್ದು ಅದೇ. 1966ರ ಜನವರಿಯಲ್ಲಿ ಡ್ರಮ್ಮರ್ ಜಾನ್ ಸ್ಟೀವನ್ಸ್ ಸೇಂಟ್ ಮಾರ್ಟಿನ್ಸ್ ಲೇನ್ ಹತ್ತಿರದ ಲಿಟ್ಲ್ ಥಿಯೇಟರ್ ಕ್ಲಬ್‌ನಲ್ಲಿ ನುಡಿಸಲು ಜಾಗ ಹಿಡಿದರು. ಅಲ್ಲಿಗೆ ಸ್ಯಾಕ್ಸೋಫೋನಿನ ಇವಾನ್ ಪಾರ್ಕರ್ ಬಂದರು, ಗಿಟಾರಿನ ಡೆರೆಕ್ ಬೇಲಿ ಬಂದರು. ನಾಟಕ ಮುಗಿದ ಮೇಲೆ, ರಾತ್ರಿ ಹೊತ್ತು, ಕೇಳಲು ಬೆರಳೆಣಿಕೆಯ ಜನ. ಆದರೂ ಬಿಡದೆ ನುಡಿಸಿದರು.

ನಮ್ಮವರಿಗೆ ನಾನು ತಪ್ಪದೆ ಹೇಳುವ ಒಂದು ವಿಷಯ ಇದೆ. ಡೆರೆಕ್ ಬೇಲಿ ಇಂಪ್ರೊವೈಸೇಷನ್ ಬಗ್ಗೆ ಬರೆದ ಪುಸ್ತಕ 1980ರಲ್ಲಿ ಬಂತು. ಅದು ಶುರುವಾಗುವುದೇ ಭಾರತೀಯ ಸಂಗೀತದಿಂದ. ಸಿತಾರ್ ವಾದಕ ವಿರಾಮ್ ಜಸಾನಿ ಅವರ ಜತೆ ಕೂತು ಮಾತಾಡಿ ಬರೆದದ್ದು. ರಾಗದ ಒಳಗೆ ನಾವು ಮಾಡುವ ಮನೋಧರ್ಮವನ್ನು ಡೆರೆಕ್ ಬೇಲಿ ಒಂದು ಭಾಷೆಯ ಒಳಗಿನ ಇಂಪ್ರೊವೈಸೇಷನ್ ಅಂತ ನೋಡಿದರು. ತಮ್ಮದು ಯಾವ ಒಂದು ಭಾಷೆಗೂ ಕಟ್ಟುಬೀಳದ್ದು ಅಂದರು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ "ಇದು ಯಾವ ರಾಗ, ತಾಳ ಎಲ್ಲಿ?" ಅಂತ ಹುಡುಕುತ್ತಾ ಸುಸ್ತಾಗುವುದಿಲ್ಲ.

ಇನ್ನೊಂದು ಹೆಸರು ಹಾಡುಗಾರ್ತಿ ಮ್ಯಾಗಿ ನಿಕಲ್ಸ್. ಆಗ ವೇದಿಕೆ ತುಂಬ ಗಂಡಸರೇ. 1977ರಲ್ಲಿ ಅವರು ಲಿಂಡ್ಸೆ ಕೂಪರ್ ಜತೆ ಸೇರಿ ಹೆಂಗಸರದ್ದೇ ಆದ ಫೆಮಿನಿಸ್ಟ್ ಇಂಪ್ರೊವೈಸಿಂಗ್ ಗ್ರೂಪ್ ಕಟ್ಟಿದರು. ಆಮೇಲೆ ದ ಗ್ಯಾದರಿಂಗ್ ಅಂತ ಶುರು ಮಾಡಿದರು. ಹಾಡುವವರು, ಕುಣಿಯುವವರು, ಏನೂ ಕಲಿಯದವರು ಯಾರು ಬೇಕಾದರೂ ಬಂದು ಸೇರಿಕೊಳ್ಳಬಹುದಾದ ಕೂಟ. ಬಾಗಿಲು ಇಷ್ಟು ಅಗಲವಾಗಿ ತೆರೆದಿರುವ ಸಂಗೀತ ನಾನು ಬೇರೆ ಕಂಡಿಲ್ಲ.

ಕೇಳುವುದು

ನನಗೆ ಈ ಸಂಗೀತ ಹಿಡಿಸಿದ್ದು ಒಂದು ನೆಲಮಾಳಿಗೆಯಲ್ಲಿ. ಚಳಿಗಾಲ, ಒಳಗೆ ಹದಿನೈದು ಜನ, ಕೋಟು ಬಿಚ್ಚದೆ ಕೂತಿದ್ದೆವು. ನನ್ನಿಂದ ಒಂದು ಮಾರು ದೂರದಲ್ಲಿ ಒಬ್ಬ ಡ್ರಮ್ಮರ್. ಅವನ ಮುಂದೆ ಒಂದೇ ಒಂದು ಸ್ನೇರ್ ಡ್ರಮ್. ಕೋಲು ಮುಟ್ಟಲೇ ಇಲ್ಲ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಡ್ರಮ್ಮಿನ ಮೇಲೆ ಒತ್ತಿ ಉಜ್ಜಿದ. ಹೂಂ... ಅಂತ ಒಂದು ನರಳುವ ಸದ್ದು ಬಂತು. ನನಗೆ ಮೈ ಜುಮ್ ಅಂದಿತು. ತುಮಕೂರು, ಚಿತ್ರದುರ್ಗದ ಕಡೆ ಜಾತ್ರೆಯಲ್ಲಿ ಉರುಮೆ ಕೇಳಿದವರಿಗೆ ಆ ಸದ್ದು ಗೊತ್ತು. ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜಿದಾಗ ಉರುಮೆ ಹಾಗೇ ನರಳುತ್ತದೆ. ಪಕ್ಕದಲ್ಲಿದ್ದ ಚೆಲ್ಲೋ ವಾದಕಿ ಆ ಸದ್ದನ್ನು ಅನುಕರಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಮಾನಿನ ಹಿಂಭಾಗದ ಮರದಿಂದ ತಂತಿಯನ್ನು ಟಕ್ ಅಂತ ಒಂದೇ ಸಲ ತಟ್ಟಿದರು. ಮತ್ತೆ ಸುಮ್ಮನೆ. ಆ ಒಂದು ಟಕ್‌ನಿಂದ ಡ್ರಮ್ಮಿನ ಉದ್ದನೆಯ ನರಳಿಕೆ ಬೇರೆಯದೇ ಆಗಿ ಕೇಳಿಸತೊಡಗಿತು. ಮೇಲೆ ರಸ್ತೆಯಲ್ಲಿ ಬಸ್ಸು ಹೋದ ಸದ್ದು ಬಂತು, ಅದನ್ನೂ ಅವರು ಬಿಡಲಿಲ್ಲ, ಅದು ದೂರ ಹೋಗುವವರೆಗೆ ಕಾದು ಆಮೇಲೆ ಮುಂದುವರಿದರು.

ಹಾಗಾಗಿ ನನ್ನ ಸಲಹೆ ಇಷ್ಟು. ಮೊದಲ ಐದು ನಿಮಿಷ ಒಬ್ಬರನ್ನೇ ಹಿಡಿದುಕೊಳ್ಳಿ. ಅವರ ಕೈ, ಉಸಿರು, ಅವರು ಯಾವಾಗ ನಿಲ್ಲಿಸುತ್ತಾರೆ, ಅದನ್ನೇ ನೋಡಿ. ಆಮೇಲೆ ಇನ್ನೊಬ್ಬರಿಗೆ ಹೋಗಿ. ಆಮೇಲೆ ಇಬ್ಬರ ನಡುವೆ ಏನಾಗುತ್ತಿದೆ ಅಂತ ಕೇಳಿ: ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಜತೆಯಾದರಾ, ಅಡ್ಡ ನಿಂತರಾ, ಜಾಗ ಬಿಟ್ಟು ಸರಿದರಾ? ಕತೆ ಇರುವುದು ಅಲ್ಲೇ. ಮನಸ್ಸು ಅಲೆದಾಡಿದರೆ ಅಲೆದಾಡಲಿ, ವಾಪಸ್ ಬರುತ್ತದೆ. ನನಗೆ ಹತ್ತು ಗಿಗ್ಗಿನಲ್ಲಿ ಮೂರು ನಾಲ್ಕು ಮಾತ್ರ ನಿಜವಾಗಿ ತಟ್ಟುತ್ತವೆ, ಉಳಿದವು ಹಾಗೆ ಹೀಗೆ. ಮೊದಲೇ ಗೊತ್ತಿಲ್ಲದ್ದನ್ನು ಎಲ್ಲರೆದುರು ಹುಡುಕುತ್ತಿದ್ದಾರೆ ಅಂದ ಮೇಲೆ ಕೆಲವು ಸಲ ಸಿಗುವುದಿಲ್ಲ, ಅದು ಸಹಜ. ಎರಡು ಸಲ ಹೋಗಿ ಬೇಜಾರಾದರೂ ಮೂರನೇ ಸಲ ಹೋಗಿ, ಬೇರೆ ಜನರನ್ನು ಕೇಳಲು.

ಸದ್ದುಗಳು ವಿಚಿತ್ರ ಅನ್ನಿಸಿದರೆ ಅವಕ್ಕೆ ನಮ್ಮಲ್ಲೇ ಸಂಬಂಧಿಕರು ಇದ್ದಾರೆ ಅಂತ ನೆನಪಿಸಿಕೊಳ್ಳಿ. ಇವಾನ್ ಪಾರ್ಕರ್ ಸೊಪ್ರಾನೋ ಸ್ಯಾಕ್ಸೋಫೋನಿನಲ್ಲಿ ಉಸಿರು ಕಡಿಯದೆ ನಿಮಿಷಗಟ್ಟಲೆ ನುಡಿಸುತ್ತಾರೆ, ಒಂದೇ ವಾದ್ಯದಿಂದ ಎರಡು ಮೂರು ಪದರ ಒಟ್ಟಿಗೆ ಕೇಳಿಸುತ್ತದೆ. ಕೆನ್ನೆಯಲ್ಲಿ ಗಾಳಿ ಹಿಡಿದು ಮೂಗಿನಿಂದ ಉಸಿರೆಳೆಯುವ ಅದೇ ವಿದ್ಯೆ ಹಾವಾಡಿಗರ ಪುಂಗಿಯಲ್ಲಿದೆ. ಚೌಡಿಕೆಯ ತಂತಿಯನ್ನು ಬಿಗಿ ಸಡಿಲ ಮಾಡುತ್ತಾ ಎಳೆಯುವ ಸದ್ದು ಕೇಳಿ ಬೆಳೆದ ಕಿವಿಗೆ ಇಲ್ಲಿಯ ಡಬಲ್ ಬಾಸ್ ಅಷ್ಟೇನೂ ದೂರ ಅಲ್ಲ.

ನಡವಳಿಕೆ ಬಗ್ಗೆ ಎರಡು ಮಾತು. ತೊಡೆ ಮೇಲೆ ತಾಳ ಹಾಕಬೇಡಿ, ಮಧ್ಯೆ "ಭೇಷ್" ಅನ್ನಬೇಡಿ. ನಮ್ಮ ಕಛೇರಿಯಲ್ಲಿ ಅದು ಗೌರವ, ಇಲ್ಲಿ ಆ ಸದ್ದೂ ಸಂಗೀತದೊಳಗೆ ಸೇರಿಬಿಡುತ್ತದೆ. ಮುಗಿಯಿತು ಅನ್ನಿಸಿದ ಕೂಡಲೇ ಚಪ್ಪಾಳೆ ಬೇಡ, ಅವರು ಕೈ ಇಳಿಸುವವರೆಗೆ ತಡೆಯಿರಿ. ಸೆಟ್ ನಡೆಯುವಾಗ ಎದ್ದು ಹೋಗಲೇಬೇಕಾದರೆ ಹೋಗಿ, ಯಾರೂ ತಪ್ಪು ತಿಳಿಯುವುದಿಲ್ಲ, ಬಾಗಿಲು ಮಾತ್ರ ಮೆಲ್ಲಗೆ ಹಾಕಿ. ಜೋರು ಸದ್ದಿನ ರಾತ್ರಿಗಳಿಗೆ ಜೇಬಿನಲ್ಲಿ ಇಯರ್‌ಪ್ಲಗ್ ಇರಲಿ.

ಬಿಡುವಿನಲ್ಲಿ ವಾದಕರು ಅಲ್ಲೇ ಬಾರಿನ ಹತ್ತಿರ ನಿಂತಿರುತ್ತಾರೆ. ಹೋಗಿ ಮಾತಾಡಿಸಿ. ಎಪ್ಪತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯಬೇಕು. ನಮಗೆ ನಾಲಿಗೆ ತಡವರಿಸುತ್ತದೆ, ನಿಜ, ಆದರೆ ಅಲ್ಲಿ ಅದೇ ರೂಢಿ. "ಆ ಸದ್ದು ಹೇಗೆ ಬಂತು?" ಅಂತ ಕೇಳಿ ನೋಡಿ. ಖುಷಿಯಿಂದ ವಾದ್ಯ ಎತ್ತಿ ತೋರಿಸುತ್ತಾರೆ.

ನುಡಿಸುವುದು

ನಾಲ್ಕೈದು ಸಲ ಕೇಳಿದ ಮೇಲೆ ನೀವೂ ನುಡಿಸಿ. ನೀವು ವೆಸ್ಟ್ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾ ಭವನದಲ್ಲಿ ವೀಣೆ ಕಲಿಯುತ್ತಿರಬಹುದು, ಬಾತ್‌ರೂಮಿನಲ್ಲಿ ಹಾಡುವವರಿರಬಹುದು, ಎರಡೂ ನಡೆಯುತ್ತದೆ. ಎಎಂಎಂನ ಎಡ್ಡಿ ಪ್ರೆವೋ 1999ರ ನವೆಂಬರಿನಲ್ಲಿ ಶುಕ್ರವಾರ ಸಂಜೆಯ ಒಂದು ವರ್ಕ್‌ಶಾಪ್ ಶುರು ಮಾಡಿದರು. ಸದರ್ಕ್ ಬ್ರಿಜ್ ರೋಡಿನ ವೆಲ್ಷ್ ಚ್ಯಾಪೆಲ್ಲಿನಲ್ಲಿ ಅದು ವರ್ಷಗಟ್ಟಲೆ ನಡೆಯಿತು. ಪರೀಕ್ಷೆ ಇಲ್ಲ, ಸೇರಿಸಿಕೊಳ್ಳುವುದು ಬಿಡುವುದು ಅಂತಿಲ್ಲ, ಬಂದು ಕೂರುವುದಷ್ಟೆ. ಇವತ್ತು ಈ ಊರಿನಲ್ಲಿ ನುಡಿಸುವ ಎಷ್ಟೋ ಒಳ್ಳೆಯ ವಾದಕರು ಅಲ್ಲಿ ಕೂತು ಎದ್ದವರು. ಅಂಥ ಕೂಟಗಳು ಇನ್ನೂ ಕೆಲವು ಇವೆ. ಗಿಗ್ಗಿನಲ್ಲಿ ಯಾರನ್ನಾದರೂ "ವರ್ಕ್‌ಶಾಪ್ ಎಲ್ಲಿ ನಡೆಯುತ್ತಿದೆ?" ಅಂತ ಕೇಳಿದರೆ ದಿನ, ಜಾಗ ಎರಡೂ ಹೇಳುತ್ತಾರೆ.

ನಾನು ಮೊದಲ ಸಲ ಇಂಥದೊಂದು ಕೂಟಕ್ಕೆ ಖಂಜಿರ ತೆಗೆದುಕೊಂಡು ಹೋದಾಗ ಹನ್ನೆರಡು ಜನ ವೃತ್ತಾಕಾರವಾಗಿ ಕೂತಿದ್ದರು. ಇಬ್ಬಿಬ್ಬರಾಗಿ ನುಡಿಸುವ ಸರದಿ. ನನ್ನ ಪಾಲಿಗೆ ಕ್ಲಾರಿನೆಟ್ಟಿನ ಒಬ್ಬ ಹುಡುಗಿ ಬಂದಳು. ಅವಳು ತುಂಬ ಮೆಲ್ಲಗೆ, ಬರೀ ಗಾಳಿ ಊದುತ್ತಿದ್ದಳು. ನನ್ನ ಕೈ ಮಾತ್ರ ತನಗೆ ಗೊತ್ತಿದ್ದ ಕಡೆಗೇ ಓಡಿತು. ಆದಿತಾಳದಲ್ಲಿ ಒಂದು ನಡೆ, ಅದಕ್ಕೊಂದು ಮುಕ್ತಾಯ. ಅವಳು ನಿಲ್ಲಿಸಿಬಿಟ್ಟಳು, ನಾನೊಬ್ಬನೇ ನುಡಿಸಿ ಮುಗಿಸಿದೆ. ಯಾರೂ ಏನೂ ಅನ್ನಲಿಲ್ಲ. ಬಿಡುವಿನಲ್ಲಿ ಒಬ್ಬ ಹಿರಿಯ ಬಾಸ್ ವಾದಕರು ಚಹಾ ಕೊಟ್ಟು, "ಚೆನ್ನಾಗಿ ನುಡಿಸ್ತೀರಿ, ಆದರೆ ಅವಳು ಏನು ನುಡಿಸಿದಳು ಹೇಳಿ ನೋಡೋಣ" ಅಂದರು. ನನಗೆ ಹೇಳಲು ಬರಲಿಲ್ಲ. ಎರಡನೇ ಸರದಿಯಲ್ಲಿ ನಾನು ಖಂಜಿರದ ಚರ್ಮದ ಮೇಲೆ ಅಂಗೈ ಇಟ್ಟು ಸುಮ್ನೆ ವೃತ್ತವಾಗಿ ಸವರಿದೆ, ಅಷ್ಟೇ. ಅವಳ ಉಸಿರಿನ ಸದ್ದೂ ನನ್ನ ಅಂಗೈಯ ಸದ್ದೂ ಎಲ್ಲಿ ಬೇರೆ ಅಂತ ಗೊತ್ತಾಗದ ಹಾಗೆ ಒಂದು ನಿಮಿಷ ಸೇರಿಕೊಂಡವು. ಆ ಒಂದು ನಿಮಿಷಕ್ಕಾಗಿ ನಾನು ಈಗಲೂ ಹೋಗುತ್ತೇನೆ.

ಇದನ್ನೇ ಜಾನ್ ಸ್ಟೀವನ್ಸ್ ಕಲಿಸುತ್ತಿದ್ದರು ಅಂತ ಅವರ ಜತೆ ನುಡಿಸಿದವರು ನೆನೆಯುತ್ತಾರೆ. ಪಕ್ಕದವರು ನಿನಗೆ ಕೇಳಿಸುತ್ತಿಲ್ಲ ಅಂದರೆ ನೀನು ಜಾಸ್ತಿ ಜೋರಾಗಿ ನುಡಿಸುತ್ತಿದ್ದೀಯ. ನಾಲ್ಕು ಗೋಡೆ ಮೇಲೆ ಬರೆದಿಡಬೇಕಾದ ಮಾತು.

ನಮ್ಮ ಕಡೆಯಿಂದ ಬಂದವರಿಗೆ ಒಂದು ತೊಡಕು ಖಂಡಿತ ಎದುರಾಗುತ್ತದೆ. ತನಿ ಆವರ್ತನದಲ್ಲಿ ಮೃದಂಗದವರು ಕೊಟ್ಟದ್ದನ್ನು ಘಟದವರು ಹಿಡಿದು ವಾಪಸ್ ಕೊಡುತ್ತಾರಲ್ಲ, ಆ ಅಭ್ಯಾಸ ನಮ್ಮ ರಕ್ತದಲ್ಲಿದೆ. ಇಲ್ಲಿ ಪಕ್ಕದವರು ನುಡಿಸಿದ್ದನ್ನು ಹಾಗೇ 'ನಕಲು' ಮಾಡಿದರೆ ಸಂಗೀತ ಅಲ್ಲೇ ನಿಂತುಬಿಡುತ್ತದೆ. ಅದರ ಪಕ್ಕಕ್ಕೆ ಬೇರೆ ಏನನ್ನಾದರೂ ಇಡಬೇಕು, ಇಲ್ಲವೇ ಸುಮ್ಮನಿರಬೇಕು. ಸುಮ್ಮನಿರುವುದೂ ನುಡಿಸಿದ ಹಾಗೇ. ಹಾಗಂತ ಕಲಿತದ್ದನ್ನೆಲ್ಲ ಮನೆಯಲ್ಲಿ ಬಿಟ್ಟು ಬರಬೇಕು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವವರ ಮಾತು ಒಪ್ಪುವುದೂ ಇಲ್ಲ. ಮೃದಂಗದ ಗುಮ್ಕಿ, ವೀಣೆಯ ಗಮಕ, ಹಾಡುವವರ ಅಕಾರ ಎಲ್ಲ ನಿಮ್ಮ ಆಸ್ತಿ. ಅದನ್ನು ಯಾವಾಗ ತೆಗೆಯಬೇಕು ಅನ್ನುವುದನ್ನು ಮಾತ್ರ ಕಿವಿ ಹೇಳಬೇಕು, ಬೆರಳು ಹೇಳಬಾರದು.

ಮನೆಯಲ್ಲಿ ಮೂರು ನಾಲ್ಕು ಸ್ನೇಹಿತರು ಸೇರಿದರೆ ಇವನ್ನು ಮಾಡಿ ನೋಡಿ. ಸ್ಟೀವನ್ಸ್ ಅವರೇ ರೂಪಿಸಿದ ಎರಡು ಆಟಗಳು, ಈಗ ಎಲ್ಲ ಕಡೆ ಬಳಕೆಯಲ್ಲಿವೆ. ಮೊದಲನೆಯದು ಕ್ಲಿಕ್. ಎಲ್ಲರೂ ತಮ್ಮ ವಾದ್ಯದಿಂದಲೋ ಬಾಯಿಂದಲೋ ಆದಷ್ಟೂ ಗಿಡ್ಡ ಸದ್ದು ಮಾಡಬೇಕು, ಚಿಟಿಕೆಯಷ್ಟು. ತಾಳ ಇಲ್ಲ, ಸರದಿ ಇಲ್ಲ. ಬೇರೆಯವರ ಚಿಟಿಕೆಗಳ ನಡುವೆ ನಿಮ್ಮದನ್ನು ಎಲ್ಲಿ ಇಡುತ್ತೀರಿ ಅನ್ನುವುದಷ್ಟೇ ಕೆಲಸ. ಮೊದಲ ಎರಡು ನಿಮಿಷ ಗಲಿಬಿಲಿ. ಆಮೇಲೆ ಮೊದಲ ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ ಅದಕ್ಕೆ ಒಂದು ನಡೆ ಬರುತ್ತದೆ, ಯಾರೂ ತರದೇ ಇದ್ದದ್ದು. ಎರಡನೆಯದು ಸಸ್ಟೇನ್. ಒಂದು ಉಸಿರು ಪೂರ್ತಿ ಒಂದೇ ಸ್ವರ, ಉಸಿರು ಮುಗಿದರೆ ನಿಲ್ಲಿಸಿ, ಎಳೆದುಕೊಂಡು ಮತ್ತೆ ಶುರು. ಪಿಟೀಲಿನವರಿಗೆ ಒಂದು ಕಮಾನು. ತಾಳವಾದ್ಯದವರು ಉಜ್ಜಬೇಕು, ಸವರಬೇಕು, ದಾರಿ ಕಂಡುಕೊಳ್ಳಬೇಕು. ಅದೇ ಕಷ್ಟದಿಂದ ಹೊಸ ಸದ್ದು ಹುಟ್ಟುತ್ತದೆ.

ಆಮೇಲೆ ಐದು ನಿಮಿಷ ಏನೂ ನಿಯಮ ಇಲ್ಲದೆ ನುಡಿಸಿ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಬೇಡಿ, ಮುಗಿಸುವುದನ್ನು ನೀವೇ ಕೂಡಿ ಕಂಡುಹಿಡಿಯಬೇಕು. ಇದರಲ್ಲಿ ನನಗೆ ಈಗಲೂ ಕಷ್ಟ ಅನ್ನಿಸುವುದು ಮುಗಿಸುವುದೇ. ಎಲ್ಲರಿಗೂ ಇಲ್ಲಿಗೆ ಸಾಕು ಅಂತ ಗೊತ್ತಾಗಿರುತ್ತದೆ, ಒಬ್ಬರು ಮಾತ್ರ ಇನ್ನೊಂದು ಚೂರು ಅಂತ ಸೇರಿಸುತ್ತಾರೆ, ಆಗ ಮತ್ತೆ ಮೂರು ನಿಮಿಷ ಎಳೆಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಅವತ್ತೇ ಕೇಳಬೇಡಿ. ಒಂದು ವಾರ ಬಿಟ್ಟು ಕೇಳಿದರೆ ಯಾರು ಯಾರನ್ನು ಕೇಳಿಸಿಕೊಂಡರು ಅಂತ ಸ್ಪಷ್ಟವಾಗುತ್ತದೆ. ಲಂಡನ್ ಫ್ಲ್ಯಾಟುಗಳ ಗೋಡೆ ತೆಳು, ರಾತ್ರಿ ಒಂಬತ್ತರ ಒಳಗೆ ಮುಗಿಸಿ. ತೆಳು ಗೋಡೆಯಿಂದ ಒಂದು ಉಪಕಾರವೂ ಇದೆ, ಮೆಲ್ಲಗೆ ನುಡಿಸುವುದು ತಾನಾಗಿ ಬರುತ್ತದೆ.

ದುಡ್ಡು, ಮತ್ತು ವಾಪಸ್ ಹೋಗುವುದು

ಈ ಸಂಗೀತದಿಂದ ಬದುಕುವವರು ತುಂಬ ಕಮ್ಮಿ. ಹೆಚ್ಚಿನವರು ಪಾಠ ಹೇಳುತ್ತಾರೆ, ಬೇರೆ ಕೆಲಸ ಮಾಡುತ್ತಾರೆ. ಸಣ್ಣ ಗಿಗ್ಗಿನಲ್ಲಿ ಬಾಗಿಲಲ್ಲಿ ಸೇರಿದ ದುಡ್ಡನ್ನು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವುದು ಡಬಲ್ ಬಾಸ್ ಸಾಗಿಸಿದ ಟ್ಯಾಕ್ಸಿಗೂ ಸಾಲದೆ ಇರಬಹುದು. ಹಾಗಾಗಿ ಸಂಗೀತ ಹಿಡಿಸಿದರೆ ಹೊರಡುವ ಮುಂಚೆ ಮೇಜಿನ ಮೇಲಿರುವ ಸಿಡಿಯೋ ಕ್ಯಾಸೆಟ್ಟೋ ಕೊಂಡುಕೊಳ್ಳಿ, ಅವರ ಕೈಗೇ ದುಡ್ಡು ಕೊಡಿ. ಸಿಡಿ ಪ್ಲೇಯರ್ ಇಲ್ಲ ಅನ್ನಬೇಡಿ. ಬಹಳಷ್ಟಕ್ಕೆ ಡೌನ್‌ಲೋಡ್ ಮಾಡಲು ಕೋಡ್ ಇಟ್ಟಿರುತ್ತಾರೆ.

ಮುಂದೆ ನೀವೇ ಒಂದು ಸಂಜೆ ನಡೆಸಬೇಕು ಅನ್ನಿಸಿದರೆ ಪಬ್ಬಿನ ಮಹಡಿ ಅಥವಾ ಚರ್ಚಿನ ಹಾಲ್ ಕೇಳಿ ನೋಡಿ. ವಾರದ ಮಧ್ಯೆ, ಮಂಗಳವಾರ ಬುಧವಾರ, ಕಮ್ಮಿ ದುಡ್ಡಿಗೆ ಸಿಗುತ್ತವೆ. ಮೂರು ಸೆಟ್ ಇಡಿ, ಒಂದೊಂದು 25 ನಿಮಿಷ ಮೀರದಿರಲಿ. ಮೊದಲನೆಯದು ಒಬ್ಬರದೇ, ಎರಡನೆಯದು ಹಿಂದೆಂದೂ ಒಟ್ಟಿಗೆ ನುಡಿಸದ ಇಬ್ಬರದು, ಕೊನೆಗೆ ಎಲ್ಲರೂ. ಕುರ್ಚಿ ಎಷ್ಟು ಬೇಕು ಅಂತ ಎಣಿಸಿ ಅದಕ್ಕಿಂತ ಐದು ಕಮ್ಮಿ ಹಾಕಿ, ಜನ ಹತ್ತಿರ ಹತ್ತಿರ ಕೂರುತ್ತಾರೆ. ಒಂದು ಸಲ ನಾನು ಹಾಗೆ ನಡೆಸಿದ ಸಂಜೆಗೆ ಒಂಬತ್ತು ಜನ ಬಂದರು, ಕೆಳಗೆ ಪಬ್ಬಿನಲ್ಲಿ ಫುಟ್‌ಬಾಲ್ ಮ್ಯಾಚು ನಡೆಯುತ್ತಿತ್ತು, ಗೋಲಾದಾಗ ನೆಲವೇ ಅದುರಿತು. ಟ್ರಂಬೋನಿನವರು ಆ ಕೂಗನ್ನು ಹಿಡಿದು ಎಳೆದುಕೊಂಡು ಹೋದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ.

ಡಾಲ್ಸ್ಟನ್ನಿನಿಂದ ವಾಪಸ್ ಹೋಗಲು ಕಿಂಗ್ಸ್‌ಲ್ಯಾಂಡ್ ರೋಡಿಗೆ ಬಂದರೆ 149 ಲಂಡನ್ ಬ್ರಿಜ್ ಕಡೆಗೆ, 243 ವಾಟರ್ಲೂ ಕಡೆಗೆ. ಹ್ಯಾರೋ, ಹೌನ್ಸ್ಲೋ ಕಡೆ ಹೋಗಬೇಕಾದವರು ಕೊನೆಯ ರೈಲಿನ ಹೊತ್ತು ಮೊದಲೇ ನೋಡಿಟ್ಟುಕೊಂಡು, ಬಾಗಿಲ ಹತ್ತಿರದ ಸಾಲಿನಲ್ಲಿ ತುದಿಯ ಕುರ್ಚಿ ಹಿಡಿಯಿರಿ. ಖಂಜಿರ ಇದ್ದರೆ ಚೀಲದಲ್ಲಿರಲಿ. ಯಾರಾದರೂ ಕೊನೆಯ ಸೆಟ್ಟಿಗೆ ಬನ್ನಿ ಅಂತ ಕರೆದರೂ ಕರೆದಾರು.